ಸಾವಿರ ಮೆಟ್ಟಿಲಿನ ಒಡನಾಟ

ಮೈಸೂರಿನಲ್ಲಿ ಬೆಳೆದವರಿಗೆಲ್ಲ ಚಾಮುಂಡಿ ಬೆಟ್ಟದ ಮೆಟ್ಟಿಲುಗಳ ನೆನಪು ಒಂದಲ್ಲ ಒಂದು ಬಗೆಯಲ್ಲಿ ಇದ್ದೇ ಇರುತ್ತದೆ. ಚಿಕ್ಕಂದಿನಲ್ಲಿ ಅಮ್ಮನ ಕೈ ಹಿಡಿದು ಹರಕೆಗೆ ಹತ್ತಿದ್ದು, ಕಾಲೇಜಿನ ದಿನಗಳಲ್ಲಿ ಗೆಳತಿಯರೊಂದಿಗೆ ಪಂದ್ಯ ಕಟ್ಟಿ ಓಡಿದ್ದು ನನಗೂ ನೆನಪಿದೆ. ಆದರೆ ಆ ಮೆಟ್ಟಿಲುಗಳ ರುಚಿ ಹತ್ತಿದ್ದು ನಲವತ್ತೈದು ದಾಟಿದ ಮೇಲೆ. ಹರೆಯದಲ್ಲಿ ಬೆಟ್ಟದ ತುದಿಯೊಂದೇ ಬೇಕಿತ್ತು. ಈಗ ಒಂದೊಂದು ಮೆಟ್ಟಿಲೂ ಬೇಕು. ನಡುವಯಸ್ಸಿಗೆ ಇದಕ್ಕಿಂತ ಒಳ್ಳೆಯ ಹವ್ಯಾಸ ಇನ್ನೊಂದಿರಲಾರದು ಎಂಬುದು ನನ್ನ ಗಟ್ಟಿ ನಂಬಿಕೆ.

ಬೆಟ್ಟದ ತುದಿ ಸಮುದ್ರ ಮಟ್ಟದಿಂದ ಸುಮಾರು 1,060 ಮೀಟರ್ ಎತ್ತರದಲ್ಲಿದೆ. ಊರಿನ ನೆಲದಿಂದ ಲೆಕ್ಕ ಹಾಕಿದರೆ ಏರಬೇಕಾದದ್ದು ಹೆಚ್ಚುಕಡಿಮೆ 300 ಮೀಟರ್. ಈ ಏರನ್ನು ಸಾವಿರದಷ್ಟು ಕಲ್ಲಿನ ಮೆಟ್ಟಿಲುಗಳು ಹಂಚಿಕೊಂಡಿವೆ. 1659ರಿಂದ 1673ರವರೆಗೆ ಆಳಿದ ದೊಡ್ಡ ದೇವರಾಜ ಒಡೆಯರು ಈ ಮೆಟ್ಟಿಲುಗಳನ್ನು ಕಟ್ಟಿಸಿದರು. ದಾರಿಯಲ್ಲಿ ಸಿಗುವ ಏಕಶಿಲಾ ನಂದಿಯೂ ಅವರ ಕಾಲದ್ದೇ. ಮೂರೂವರೆ ಶತಮಾನ ಜನ ತುಳಿದ ಕಲ್ಲುಗಳಿವು. ಕೆಲವು ನಡುವೆ ಸವೆದು ನುಣುಪಾಗಿವೆ. ಒಂದು ಮೆಟ್ಟಿಲು ಮೊಣಕಾಲೆತ್ತರ, ಮುಂದಿನದು ಗೇಣುದ್ದ, ಅದರಾಚೆಗೆ ಎರಡು ಹೆಜ್ಜೆ ಹಾಕುವಷ್ಟು ಅಗಲವಾದ ಹಾಸುಗಲ್ಲು. ಹೊಸ ಕಟ್ಟಡದ ಮೆಟ್ಟಿಲು ಹತ್ತುವಾಗ ಕಾಲು ತನ್ನ ಪಾಡಿಗೆ ಹೋಗುತ್ತದೆ, ತಲೆ ಎಲ್ಲೋ ಇರುತ್ತದೆ. ಇಲ್ಲಿ ಹಾಗಾಗದು. ಪ್ರತಿ ಹೆಜ್ಜೆಗೂ ಕಣ್ಣಿಟ್ಟು, ತೂಕ ನೋಡಿಕೊಂಡು ಕಾಲಿಡಬೇಕು. ಅರ್ಧ ಬೆಟ್ಟ ಹತ್ತುವಷ್ಟರಲ್ಲಿ ಮನೆಯ ಸಾಲ, ಕಚೇರಿಯ ಕಡತ, ಮಗಳ ಪರೀಕ್ಷೆ ಯಾವುದೂ ತಲೆಯಲ್ಲಿರುವುದಿಲ್ಲ.

ಬೆಳಕು ಹರಿಯುವ ಹೊತ್ತಿಗೆ ಬೆಟ್ಟದ ಪಾದದಲ್ಲಿರಬೇಕು. ಕರ್ಪೂರದ ವಾಸನೆ, ಹೂವಿನವರ ಕೂಗು, ಮೊದಲ ಮೆಟ್ಟಿಲಿಗೆ ಕೈ ಮುಟ್ಟಿಸಿ ಕಣ್ಣಿಗೊತ್ತಿಕೊಳ್ಳುವ ಜನ. ಹರಕೆ ಹೊತ್ತ ಹೆಂಗಸರು ಪ್ರತಿ ಮೆಟ್ಟಿಲಿಗೂ ಬಗ್ಗಿ ಅರಿಶಿನ ಕುಂಕುಮ ಹಚ್ಚುತ್ತಾ ಹತ್ತುತ್ತಾರೆ. ಒಂದೊಂದು ಮೆಟ್ಟಿಲಿಗೂ ಬಗ್ಗಿ ಏಳುವ ಆ ಬೆನ್ನು, ಆ ಸೊಂಟ, ಆ ತೊಡೆಗಳ ಬಲವನ್ನು ನಾನು ಬೆರಗಿನಿಂದ ನೋಡಿದ್ದೇನೆ. ಅಜ್ಜಿಯರ ಕಾಲದಿಂದ ಭಕ್ತಿಯೊಂದಿಗೇ ಬಂದಿರುವ ವ್ಯಾಯಾಮವಿದು.

ಮೊದಲ ನೂರು ಮೆಟ್ಟಿಲುಗಳಲ್ಲಿ ಮೈ ಗೊಣಗುತ್ತದೆ. ಉಸಿರು ಮೇಲೆ ಕೆಳಗಾಗುತ್ತದೆ, ಮೀನಖಂಡ ಬಿಗಿಯುತ್ತದೆ. ಇನ್ನೂರು ದಾಟುವಾಗ ಉಸಿರು ಮತ್ತು ಹೆಜ್ಜೆ ಒಂದಕ್ಕೊಂದು ಒಗ್ಗಿಕೊಳ್ಳುತ್ತವೆ. ಸಂಗೀತಗಾರರು ಚೌಕ ಕಾಲದಲ್ಲಿ ಹಾಡುವಾಗ ಪ್ರತಿ ಸ್ವರಕ್ಕೂ ಜಾಗ ಕೊಡುವಂತೆ, ನಿಧಾನವಾಗಿ ಹತ್ತುವವರಿಗೆ ಪ್ರತಿ ಹೆಜ್ಜೆಯೂ ಪೂರ್ತಿ ದಕ್ಕುತ್ತದೆ. ಪೊದೆಯೊಳಗಿನಿಂದ ಕೆಮ್ಮೀಸೆ ಪಿಕಳಾರದ ದನಿ, ದೂರದಲ್ಲಿ ನವಿಲಿನ ಕೇಕೆ. ನೆತ್ತಿಯಲ್ಲಿ ಮೂಡಿದ ಬೆವರು ಕಿವಿಯ ಹಿಂದೆ ಇಳಿಯುವಾಗ ಬೀಸುವ ತಂಗಾಳಿಯ ಸುಖವನ್ನು ಯಾವ ಹವಾನಿಯಂತ್ರಿತ ಕೋಣೆಯೂ ಕೊಡಲಾರದು.

ಮುಕ್ಕಾಲು ದಾರಿಗೆ ನಂದಿ ಸಿಗುತ್ತಾನೆ. ಹದಿನಾರು ಅಡಿ ಎತ್ತರ, ಕೊರಳಲ್ಲಿ ಕಲ್ಲಿನ ಗಂಟೆಸರ. ಎಣ್ಣೆ ಕುಡಿದು ಕಪ್ಪಾದ ಮೈಯ ಮುಂದೆ ನಿಂತು ನೀರು ಕುಡಿದರೆ ಉಳಿದ ದಾರಿ ಸಲೀಸು. ಮೇಲಿನಿಂದ ನೋಡಿದರೆ ಅರಮನೆಯ ಗೋಪುರಗಳು, ರೇಸ್ ಕೋರ್ಸಿನ ಹಸಿರು, ಕಾರಂಜಿ ಕೆರೆ, ಲಲಿತ ಮಹಲಿನ ಬಿಳಿ ಗುಮ್ಮಟ ಎಲ್ಲ ಮಂಜಿನೊಳಗಿಂದ ಒಂದೊಂದಾಗಿ ಮೂಡುತ್ತವೆ.

ಹತ್ತುವಾಗ ಸಿಗುವ ಜನರೇ ಇನ್ನೊಂದು ಸೊಗಸು. ನಿವೃತ್ತ ಶಿಕ್ಷಕಿಯೊಬ್ಬರು ಬರುತ್ತಾರೆ, ವಯಸ್ಸು ಎಪ್ಪತ್ತರ ಆಸುಪಾಸು. ಒಮ್ಮೆ ಬಿರುಸಾಗಿ ಹತ್ತುತ್ತಿದ್ದ ನನ್ನನ್ನು ತಡೆದು, “ಮಾತಾಡ್ಕೊಂಡು ಹತ್ತು ಕಣಮ್ಮ. ಮಾತು ನಿಂತ್ರೆ ನೀನೂ ನಿಲ್ಲು” ಅಂದರು. ವೈದ್ಯರು ವ್ಯಾಯಾಮದ ಅಳತೆ ಹೇಳುವುದೂ ಹೀಗೆಯೇ: ಮಾತಾಡಲು ಆಗಬೇಕು, ಹಾಡಲು ಆಗಬಾರದು. ಅಷ್ಟು ಉಸಿರಿದ್ದರೆ ಅದು ಮಧ್ಯಮ ಶ್ರಮ. ಅಂಥ ಶ್ರಮ ವಾರಕ್ಕೆ 150ರಿಂದ 300 ನಿಮಿಷ ಬೇಕು, ಜೊತೆಗೆ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮ ಕನಿಷ್ಠ ಎರಡು ದಿನ ಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ. ಬೆಟ್ಟ ಹತ್ತುವವರಿಗೆ ಎರಡೂ ಒಂದೇ ದಾರಿಯಲ್ಲಿ ಸಿಗುತ್ತವೆ.

ಸ್ನಾಯುಬಲದ ಮಾತನ್ನು ನಡುವಯಸ್ಸಿನವರು ಕಿವಿಗೊಟ್ಟು ಕೇಳಬೇಕು. ಮೂವತ್ತು ದಾಟಿದ ಮೇಲೆ ಪ್ರತಿ ದಶಕಕ್ಕೆ ಶೇಕಡಾ 3ರಿಂದ 8ರಷ್ಟು ಸ್ನಾಯು ಕರಗುತ್ತದೆ. ಬಳಸದೆ ಬಿಟ್ಟರೆ ನಷ್ಟ ಹೆಚ್ಚು. ಹೆಂಗಸರಿಗೆ ಮುಟ್ಟು ನಿಂತ ಮೇಲಿನ ಮೊದಲ ಕೆಲವು ವರ್ಷಗಳಲ್ಲಿ ಮೂಳೆಯೂ ಬೇಗ ತೆಳುವಾಗುತ್ತದೆ. ಮೈಭಾರ ಹೊತ್ತು ಮೇಲೇರುವ ಒಂದೊಂದು ಹೆಜ್ಜೆಯೂ ತೊಡೆಗೆ, ಸೊಂಟಕ್ಕೆ, ಮೂಳೆಗೆ ಕೆಲಸ ಕೊಡುತ್ತದೆ. ದುಡಿಯುವ ಸ್ನಾಯು ಇನ್ಸುಲಿನ್‌ನ ನೆರವಿಲ್ಲದೆಯೂ ರಕ್ತದ ಸಕ್ಕರೆಯನ್ನು ಒಳಕ್ಕೆ ಎಳೆದುಕೊಳ್ಳಬಲ್ಲದು. ಹತ್ತು ಕೋಟಿಗೂ ಹೆಚ್ಚು ಮಧುಮೇಹಿಗಳಿದ್ದಾರೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2023ರ ಸಮೀಕ್ಷೆ ಅಂದಾಜಿಸಿದ ನಮ್ಮ ದೇಶದಲ್ಲಿ ಇದು ಸಣ್ಣ ಸಂಗತಿಯಲ್ಲ.

ಮೆಟ್ಟಿಲು ಹತ್ತುವವರ ಹೃದಯದ ಬಗ್ಗೆ ಜಗತ್ತಿಗೆ ಮೊದಲು ಹೇಳಿದ್ದು ಲಂಡನ್ನಿನ ಬಸ್ಸುಗಳು. ಜೆರ್ರಿ ಮಾರಿಸ್ ಎಂಬ ವೈದ್ಯ ಅಲ್ಲಿನ ಡಬಲ್ ಡೆಕ್ಕರ್ ಬಸ್ಸುಗಳ ಚಾಲಕರನ್ನೂ ಕಂಡಕ್ಟರುಗಳನ್ನೂ ಹೋಲಿಸಿ ನೋಡಿದರು. ಚಾಲಕರು ದಿನವಿಡೀ ಕೂತಿರುತ್ತಿದ್ದರು. ಕಂಡಕ್ಟರುಗಳು ಟಿಕೆಟ್ ಕೊಡಲು ದಿನಕ್ಕೆ 500ರಿಂದ 750 ಮೆಟ್ಟಿಲು ಹತ್ತುತ್ತಿದ್ದರು. ಕಂಡಕ್ಟರುಗಳಲ್ಲಿ ಹೃದಯದ ಕಾಯಿಲೆ ಎದ್ದು ಕಾಣುವಷ್ಟು ಕಡಿಮೆಯಿತ್ತು. 1953ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾದ ಆ ಅಧ್ಯಯನ ವ್ಯಾಯಾಮ ವಿಜ್ಞಾನಕ್ಕೇ ತಳಹದಿಯಾಯಿತು. ಕಂಡಕ್ಟರುಗಳು ಯಾರೂ ಆರೋಗ್ಯಕ್ಕೆಂದು ಹತ್ತಿದವರಲ್ಲ. ಹತ್ತುವುದು ಅವರ ದಿನದ ಭಾಗವಾಗಿತ್ತು, ಅಷ್ಟೇ. ಆ ಅಧ್ಯಯನದಲ್ಲಿ ನನ್ನ ಮನಸ್ಸು ಹಿಡಿದ ಅಂಶ ಇದೇ.

ಇಳಿಯುವುದಕ್ಕೂ ಒಂದು ಕಲೆ ಬೇಕು. ಹತ್ತುವಾಗ ದಣಿಯುವುದು ಉಸಿರು, ಇಳಿಯುವಾಗ ದಣಿಯುವುದು ಮಂಡಿ. ತೊಡೆಯ ಮುಂಭಾಗದ ಸ್ನಾಯು ಮೈಯ ಭಾರವನ್ನು ತಡೆದು ತಡೆದು ಕೆಳಗಿಳಿಸಬೇಕು. ಮಾರನೆಯ ದಿನದ ನೋವು ಬಹುಪಾಲು ಇಳಿದದ್ದರಿಂದ ಬಂದದ್ದು. ಮಂಡಿ ಸ್ವಲ್ಪ ಮಡಿಸಿ, ಪಾದ ತುಸು ಓರೆ ಇಟ್ಟು, ಸಣ್ಣ ಹೆಜ್ಜೆಯಲ್ಲಿ ಇಳಿಯಬೇಕು. ಇಳಿದವರಿಗೂ ಫಲವಿದೆ. ಆಸ್ಟ್ರಿಯಾದ ಆಲ್ಪ್ಸ್‌ನಲ್ಲಿ ಸಂಶೋಧಕರು ಒಂದು ಗುಂಪನ್ನು ಹತ್ತಿಸಿ ಕೇಬಲ್ ಕಾರಿನಲ್ಲಿ ಇಳಿಸಿದರು, ಇನ್ನೊಂದನ್ನು ಕೇಬಲ್ ಕಾರಿನಲ್ಲಿ ಹತ್ತಿಸಿ ನಡೆದು ಇಳಿಯಲು ಹೇಳಿದರು, ಆಮೇಲೆ ಅದಲುಬದಲು ಮಾಡಿದರು. ಹತ್ತಿದ್ದರಿಂದ ರಕ್ತದ ಕೊಬ್ಬು ಸುಧಾರಿಸಿತು. ಇಳಿದದ್ದರಿಂದ ಸಕ್ಕರೆಯನ್ನು ನಿಭಾಯಿಸುವ ಶಕ್ತಿ ಹೆಚ್ಚಿತು. ಮಂಡಿ ನೋವಿರುವವರಿಗೆ ನಮ್ಮಲ್ಲಿ ಕೇಬಲ್ ಕಾರಿಲ್ಲದಿದ್ದರೂ ಬೆಟ್ಟದಿಂದ ಊರಿಗೆ 201ನೇ ನಂಬರಿನ ಬಸ್ಸಿದೆ. ಹತ್ತಿ, ಬಸ್ಸಿನಲ್ಲಿ ಇಳಿದರೂ ಬೆಟ್ಟ ಒಲಿಯುತ್ತದೆ.

ಬೆಟ್ಟದ ಒಡನಾಟ ಬೆಳೆದ ಹಾಗೆ ಮನೆಯೊಳಗಿನ ಬದುಕೂ ತಾನಾಗಿ ಬದಲಾಯಿತು. ಬೆಳಗಿನ ಜಾವ ಏಳಬೇಕೆಂದರೆ ರಾತ್ರಿ ಹತ್ತಕ್ಕೆ ಮಲಗಲೇಬೇಕು. ಮೊಬೈಲು ಹಾಸಿಗೆಯಿಂದ ದೂರವಾಯಿತು, ಏಳು ಗಂಟೆಯ ನಿದ್ದೆ ಕೂಡಿಬಂತು. ತಡರಾತ್ರಿಯ ಊಟ ಬೆಳಗಿನ ಹೆಜ್ಜೆಗೆ ಭಾರವೆಂದು ಗೊತ್ತಾಗಿ, ಎಂಟರೊಳಗೆ ಊಟ ಮುಗಿಯುತ್ತದೆ. ಮುದ್ದೆ, ಹುರುಳಿಕಾಳಿನ ಬಸ್ಸಾರು, ದಂಟಿನ ಸೊಪ್ಪಿನ ಪಲ್ಯ ಮತ್ತೆ ತಟ್ಟೆಗೆ ಬಂದವು. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಧಾನ್ಯಗಳಲ್ಲಿ ಅದಕ್ಕೆ ಸಾಟಿಯಿಲ್ಲ. ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 0.83 ಗ್ರಾಂ ಪ್ರೋಟೀನು ಬೇಕೆನ್ನುತ್ತದೆ ಐಸಿಎಂಆರ್. ಅರವತ್ತು ಕಿಲೋ ತೂಗುವವರಿಗೆ ಅದು ಸುಮಾರು 50 ಗ್ರಾಂ. ಕಾಳು, ಮೊಸರು, ಮೊಟ್ಟೆಗಳನ್ನು ಮರೆಯದವರ ಊಟದಲ್ಲಿ ಅದು ಸರಾಗವಾಗಿ ಕೂಡಿಕೊಳ್ಳುತ್ತದೆ. ಇವುಗಳಲ್ಲಿ ಯಾವುದನ್ನೂ ನಾನು ಪಥ್ಯವೆಂದು ಮಾಡುತ್ತಿಲ್ಲ. ನಾಳೆ ಹತ್ತಬೇಕೆಂಬ ಆಸೆಯಿದೆ, ಆ ಆಸೆಗೆ ಮೈಯನ್ನು ಸಜ್ಜಾಗಿ ಇಟ್ಟುಕೊಳ್ಳುತ್ತಿದ್ದೇನೆ. ಆರೋಗ್ಯಕ್ಕಾಗಿ ಬೆಟ್ಟ ಹತ್ತಬೇಕೆಂದು ಹೊರಟವರು ತೂಕದ ಯಂತ್ರ ಮಾತು ಕೇಳದ ವಾರ ಸೋತುಬಿಡುತ್ತಾರೆ. ಬೆಟ್ಟಕ್ಕಾಗಿ ಆರೋಗ್ಯ ಕಾಪಾಡಿಕೊಳ್ಳುವವರಿಗೆ ಆ ಸೋಲಿಲ್ಲ.

ಪ್ರೀತಿಯಲ್ಲೂ ಹದವಿರಬೇಕು. ದಿನಾ ಹತ್ತಬೇಕಿಲ್ಲ, ವಾರಕ್ಕೆ ಎರಡು ಮೂರು ಸಲ ಸಾಕು. ದಣಿದ ಸ್ನಾಯು ಗಟ್ಟಿಯಾಗುವುದು ವಿಶ್ರಾಂತಿಯಲ್ಲೇ. ಉಳಿದ ದಿನ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೊಂದು ಸುತ್ತು. ಮಳೆಗಾಲದಲ್ಲಿ ಪಾಚಿಗಟ್ಟಿದ ಕಲ್ಲು ಜಾರುತ್ತದೆ. ಆಗ ಮನೆಯ ಮಹಡಿಯ ಮೆಟ್ಟಿಲೇ ಬೆಟ್ಟ. ಆಷಾಢ ಶುಕ್ರವಾರಗಳಲ್ಲಿ ಜನಸಾಗರ. ಆಗ ದೇವಿಯ ದರ್ಶನವೇ ಮುಖ್ಯ, ವ್ಯಾಯಾಮವಲ್ಲ. ಬಿಪಿ, ಸಕ್ಕರೆ, ಹೃದಯದ ತೊಂದರೆ ಇರುವವರು ವೈದ್ಯರನ್ನು ಕೇಳಿಯೇ ಶುರುಮಾಡಬೇಕು. ಹತ್ತುವಾಗ ಎದೆ ಹಿಡಿದಂತಾದರೆ, ತಲೆ ಸುತ್ತಿದರೆ, ಎಡಗೈ ಸೆಳೆದರೆ ಅಲ್ಲೇ ಕೂತು ಜೊತೆಯವರನ್ನು ಕರೆಯಬೇಕು. ಅದನ್ನು ಸಹಿಸಿಕೊಂಡು ಹತ್ತುವುದು ಶೌರ್ಯವಲ್ಲ.

ಮೈಸೂರೇ ಆಗಬೇಕೆಂದಿಲ್ಲ. ಶ್ರವಣಬೆಳಗೊಳದ ವಿಂಧ್ಯಗಿರಿಗೆ 600ಕ್ಕೂ ಹೆಚ್ಚು ಮೆಟ್ಟಿಲುಗಳಿವೆ, ಆನೆಗೊಂದಿ ಬಳಿಯ ಅಂಜನಾದ್ರಿಗೆ 500ಕ್ಕೂ ಹೆಚ್ಚು. ಕರ್ನಾಟಕದಲ್ಲಿ ಗುಡ್ಡವಿರುವ ಊರಿಗೇನೂ ಬರವಿಲ್ಲ, ಗುಡ್ಡವಿದ್ದಲ್ಲಿ ಹಿರಿಯರು ಗುಡಿ ಕಟ್ಟಿದ್ದಾರೆ, ಗುಡಿಯಿದ್ದಲ್ಲಿ ಮೆಟ್ಟಿಲು ಹಾಕಿಸಿದ್ದಾರೆ. ನಲವತ್ತು ದಾಟಿದ ಓದುಗರಲ್ಲಿ ನನ್ನದೊಂದೇ ಕೇಳಿಕೆ: ಬರುವ ಭಾನುವಾರ ನಿಮ್ಮ ಊರಿನ ಬೆಟ್ಟಕ್ಕೆ ಹೋಗಿ. ತುದಿ ಮುಟ್ಟಲೇಬೇಕೆಂದಿಲ್ಲ. ಮಾತಾಡುತ್ತಾ ನೂರು ಮೆಟ್ಟಿಲು ಹತ್ತಿ, ಹುಷಾರಾಗಿ ಇಳಿದು ಬನ್ನಿ. ಅದರ ಮುಂದಿನ ಭಾನುವಾರ ಮತ್ತೆ ಹೋಗಿ.