ನಂದಿಯಿಲ್ಲದ ಶಿವ, ಶಿವನಿಲ್ಲದ ನಂದಿ

ಮಂಗಸೂಳಿಯ ಹೆಸರು ಕೇಳಿದೊಡನೆ ಕೃಷ್ಣಾತೀರದ ಹಿರಿಯರ ಕಣ್ಣಿಗೆ ಕಟ್ಟುವುದು ಅರಿಸಿನದ ಬಣ್ಣ. ಕಾಗವಾಡ ತಾಲ್ಲೂಕಿನ ಈ ಊರಿನಲ್ಲಿ ನೆಲೆಸಿರುವ ಮಲ್ಲಯ್ಯನನ್ನು ಮರಾಠಿ ಭಕ್ತರು ಖಂಡೋಬಾ ಎಂದು ಕರೆಯುತ್ತಾರೆ. ಜೇಜುರಿ, ಪಾಲಿ, ಮೈಲಾರ, ದೇವರಗುಡ್ಡಗಳೊಡನೆ ಎಣಿಸಲ್ಪಡುವ ಕ್ಷೇತ್ರವಿದು. ಭಂಡಾರದ ಹುಡಿ ಮೇಲಕ್ಕೆ ಹಾರಿತೆಂದರೆ ಕನ್ನಡಿಗನ ಬಾಯಲ್ಲಿ ‘ಏಳುಕೋಟಿ’, ಪಕ್ಕದಲ್ಲೇ ನಿಂತ ಮರಾಠಿಗನ ಬಾಯಲ್ಲಿ ‘ಯಳಕೋಟ’. ಮಣಿ-ಮಲ್ಲರೆಂಬ ದೈತ್ಯರ ಮೇಲೆ ಏಳು ಕೋಟಿ ಸೈನ್ಯದೊಡನೆ ಏರಿಹೋದ ದೇವರ ಜಯಘೋಷವದು. ಮರಾಠಿಯ ಕೂಗಿಗೆ ಅರ್ಥ ಬಿಡಿಸಲು ಕನ್ನಡವೇ ಬೇಕಾಗುವುದು ಒಂದು ಸೊಗಸು!

ಬಂದ ಯಾತ್ರಿಕರಲ್ಲಿ ಹೆಚ್ಚಿನವರು ಹಣೆಯ ಭಂಡಾರ ಅಳಿಸುವ ಮುನ್ನವೇ ಊರಿಗೆ ಮರಳುತ್ತಾರೆ. ಇನ್ನೊಂದು ದಿನ ನಿಂತು ಕೃಷ್ಣೆಯ ಬಳಿಗೆ ನಡೆದರೆ, ಜುಗೂಳದ ಎದುರು ದಡದಲ್ಲಿ ಖಿದ್ರಾಪುರವಿದೆ. ಜುಗೂಳ ಕರ್ನಾಟಕ, ಖಿದ್ರಾಪುರ ಮಹಾರಾಷ್ಟ್ರ.

ಶಿಲಾಹಾರರ ಕಾಲದಲ್ಲಿ, ಹನ್ನೆರಡನೆಯ ಶತಮಾನದಲ್ಲಿ, ಎದ್ದುನಿಂತ ಕೋಪೇಶ್ವರನ ಗುಡಿ ಅಲ್ಲಿಯದು. ಇಡೀ ಗುಡಿಯನ್ನು ಕಲ್ಲಾನೆಗಳ ಸಾಲು ಬೆನ್ನಮೇಲೆ ಹೊತ್ತಿದೆ. ಮುಂದಿನ ಸ್ವರ್ಗಮಂಟಪವನ್ನಂತೂ ಮರೆಯುವಂತಿಲ್ಲ. ನಾಲ್ವತ್ತೆಂಟು ಕಂಬಗಳ ನಡುವೆ, ಮಾಡು ಇರಬೇಕಾದೆಡೆ ಸುಮಾರು ಹದಿಮೂರು ಅಡಿ ಅಗಲದ ದುಂಡು ಬಯಲು. ಅದರ ನೇರ ಕೆಳಗೆ ಅಷ್ಟೇ ದುಂಡಾದ ಒಂದು ಹಾಸುಗಲ್ಲು. ಶಿಲ್ಪಿ ಮಾಡನ್ನು ಮುಗಿಸದೆ ಬಿಟ್ಟನೆಂದು ಮೊದಲ ನೋಟಕ್ಕೆ ತೋರಬಹುದು. ಆ ಕಲ್ಲಿನ ಮೇಲೆ ನಿಂತು ತಲೆಯೆತ್ತಿದವನಿಗೆ ಆ ಅನುಮಾನ ಉಳಿಯದು. ಕಾರ್ತಿಕ ಹುಣ್ಣಿಮೆಯ ರಾತ್ರಿ ಅಲ್ಲಿ ಜನ ನೆರೆಯುವುದು ಆ ದುಂಡಿನೊಳಗೆ ಚಂದ್ರನನ್ನು ಕಾಣಲೆಂದೇ.

ಈ ಗುಡಿಯಲ್ಲಿ ಹತ್ತಾರು ಶಾಸನಗಳಿವೆ. ಯಾದವ ಸಿಂಘಣನು 1213ರ ಸುಮಾರಿಗೆ ಹಾಕಿಸಿದ್ದು ಸಂಸ್ಕೃತದ್ದು. ಉಳಿದವು ಬಹುಮಟ್ಟಿಗೆ ಕನ್ನಡದವು. 1054ರಲ್ಲಿ ಚೋಳ ರಾಜಾಧಿರಾಜನು ಆನೆಯ ಮೇಲೆಯೇ ಮಡಿದ ಕೊಪ್ಪಂ ಕಾಳಗ ನಡೆದದ್ದು ಇಲ್ಲಿಯೇ ಎಂದು ಕೆಲವು ಇತಿಹಾಸಕಾರರ ಮತ. ಕೊಪ್ಪಳವೇ ಆ ಸ್ಥಳವೆನ್ನುವವರೂ ಉಂಟು.

ಗರ್ಭಗುಡಿಯಲ್ಲಿ ಎರಡು ಲಿಂಗಗಳಿವೆ. ಒಂದು ಸತಿಯನ್ನು ಕಳೆದುಕೊಂಡು ಮುನಿದ ಶಿವ, ಇನ್ನೊಂದು ಅವನನ್ನು ಸಂತೈಸಲು ಬಂದ ವಿಷ್ಣು. ಆದರೆ ಎದುರಿಗೆ ನಂದಿಯಿಲ್ಲ. ಮಕ್ಕಳು ಮೊದಲು ಕೇಳುವ ಪ್ರಶ್ನೆಯೇ ಅದು:

“ಆಯಿ, ಬಸವಣ್ಣ ಎಲ್ಲಿ ಹೋಗ್ಯಾನ?”

“ಗೌರವ್ವನ್ನ ತವರಿಗೆ ಬಿಟ್ಟು ಬರಾಕ ಹೋಗ್ಯಾನಪಾ. ಇನ್ನೂ ತಿರುಗಿ ಬಂದಿಲ್ಲ.”

ದಕ್ಷನ ಯಜ್ಞಕ್ಕೆ ಸತಿ ಏರಿಹೋದ ಆ ನಂದಿ ಕೆಲವೇ ಮೈಲಿಗಳಾಚೆ, ಚಿಕ್ಕೋಡಿ ತಾಲ್ಲೂಕಿನ ಯಡೂರಿನಲ್ಲಿ ಕುಳಿತಿದ್ದಾನೆಂದು ಜನರ ನಂಬಿಕೆ. ಅಲ್ಲಿ ಅವನ ಮುಂದೆ ಲಿಂಗವಿಲ್ಲ. ದಕ್ಷನ ಯಜ್ಞವನ್ನು ಕೆಡಿಸಿದ ವೀರಭದ್ರನ ಹೆಸರಾಂತ ಗುಡಿಯೂ ಅದೇ ಯಡೂರಿನಲ್ಲಿದೆ. ಒಂದೇ ಪುರಾಣವು ಈ ನದಿಯ ಉದ್ದಕ್ಕೂ ಹರಡಿಕೊಂಡಂತಿದೆ.

1956ರ ನವೆಂಬರ್ 1ಕ್ಕೆ ಮೊದಲು ಇವೆರಡೂ ಊರುಗಳು ಮುಂಬಯಿ ರಾಜ್ಯದಲ್ಲಿದ್ದವು. ಅಂದು ಬೆಳಗಾವಿ ಜಿಲ್ಲೆ ಮೈಸೂರಿಗೆ ಸೇರಿತು, ಕೊಲ್ಲಾಪುರ ಜಿಲ್ಲೆ ಅತ್ತ ಉಳಿಯಿತು. ಹೀಗೆ ಸ್ವಾಮಿ ಒಂದು ರಾಜ್ಯಕ್ಕೆ, ವಾಹನ ಇನ್ನೊಂದು ರಾಜ್ಯಕ್ಕೆ! ನಗುವ ಸಂಗತಿಯೇ ಆದರೂ ನಷ್ಟ ಸಣ್ಣದಲ್ಲ. ಅಕ್ಷರಗಳು ಆಚೆ, ಓದುವವರು ಈಚೆ. ಸವೆದ ಕಲ್ಲಿನ ಮೇಲೆ ಬೆರಳಾಡಿಸಿ ಅಲ್ಲೊಂದು ಇಲ್ಲೊಂದು ಅಕ್ಷರ ಗುರುತಿಸಬಲ್ಲ ಮಂಗಸೂಳಿಯ ಶಾಲೆಯ ಮಕ್ಕಳನ್ನು ಪ್ರವಾಸವೆಂದು ದೂರದ ಊರುಗಳಿಗೆ ಕರೆದೊಯ್ಯುವ ಹಿರಿಯರು, ಹೊಳೆಯಾಚೆಯ ಈ ಗುಡಿಯನ್ನು ಪರರಾಜ್ಯದ್ದೆಂದು ಬಿಡುವುದು ಸರಿಯೆನಿಸದು. ಮಲ್ಲಯ್ಯನ ಭಕ್ತರು ಗಡಿ ಕೇಳಿ ಭಂಡಾರ ಹಾರಿಸುತ್ತಾರೆಯೇ?

ಕೃಷ್ಣೆಯಂತೂ ಗಡಿಯನ್ನು ಲೆಕ್ಕಿಸಿದವಳಲ್ಲ. ಮೇಲ್ಗಡೆಯ ನರಸೋಬಾವಾಡಿಯಲ್ಲಿ ನೆರೆನೀರು ದತ್ತನ ಪಾದುಕೆಗಳನ್ನು ತೊಳೆದು ದಕ್ಷಿಣದ ಬಾಗಿಲಿನಿಂದ ಹೊರಬಂದರೆ ಜನ ಅದರಲ್ಲಿ ಮಿಂದು ಧನ್ಯರಾಗುತ್ತಾರೆ. 2019ರ ಆಗಸ್ಟ್ ತಿಂಗಳಲ್ಲಿ ಅದೇ ನೀರು ಶಿರೋಳ, ಚಿಕ್ಕೋಡಿ, ಅಥಣಿ ಸೀಮೆಗಳ ಊರುಗಳನ್ನು ಮುಳುಗಿಸಿತು. ಆದುದರಿಂದ ಮಳೆಗಾಲ ಕಳೆದ ಮೇಲೆ ಹೊರಡುವುದು ಲೇಸು. ನಡುಹಗಲಿಗೆ ಸ್ವರ್ಗಮಂಟಪವನ್ನು ಮುಟ್ಟಿದರೆ ಬಿಸಿಲು ಹಾಸುಗಲ್ಲಿನತ್ತ ಇಳಿಯುವುದನ್ನು ಕಾಣಬಹುದು. ಸಂಜೆಯೊಳಗೆ ಯಡೂರಿನ ನಂದಿಯ ಬಳಿಗೂ ಹೋಗಿಬರಬಹುದು.