ಟಕ್ ಅಂದ ಕೋವಿ

ಕೋವಿ 'ಢಂ' ಅಂದಾಗ ಆಗೋ ಹೆದರಿಕೆಗಿಂತ 'ಟಕ್' ಅಂದಾಗ ಆಗೋ ಹೆದರಿಕೆ ದೊಡ್ಡದು. ಕೋವಿ ಹಿಡಿಯದವರಿಗೆ ಇದು ವಿಚಿತ್ರ ಅನ್ನಿಸಬಹುದು. ಢಂ ಅಂದ್ರೆ ಗುಂಡು ಹೋಯ್ತು, ಕತೆ ಮುಗೀತು. ಟಕ್ ಅಂದ್ರೆ ಗುಂಡು ಇನ್ನೂ ಒಳಗೇ ಇದೆ, ಒಳಗೇನು ನಡೀತಿದೆ ಅಂತ ಯಾರಿಗೂ ಗೊತ್ತಿಲ್ಲ.

ನಮ್ಮ ಕೊಡಗಿನಲ್ಲಿ ಗದ್ದೆ ನಾಟಿ ಮುಗಿದ ಮೇಲೆ ಸೆಪ್ಟೆಂಬರ್ ಮೊದಲ ವಾರದ ಹೊತ್ತಿಗೆ ಕೈಲ್ ಪೊಳ್ದ್ ಬರುತ್ತೆ. ಕೋವಿ, ಕತ್ತಿ ಎಲ್ಲ ತೆಗೆದು ಒರೆಸಿ, ತೋಕ್ ಪೂ ಮುಡಿಸಿ ಪೂಜೆ ಮಾಡ್ತೀವಿ. (ತೋಕ್ ಅಂದ್ರೆ ಕೋವಿ, ಪೂ ಅಂದ್ರೆ ಹೂ. ಕನ್ನಡದಲ್ಲಿ ಅಗ್ನಿಶಿಖೆ ಅಂತಾರಲ್ಲ, ಅದೇ.) ಆಮೇಲೆ ತೆಂಗಿನಕಾಯಿಗೆ ಗುಂಡು ಹೊಡೆಯೋ ಸ್ಪರ್ಧೆ. ಜೂನ್‌ನಿಂದ ಮಳೆಯ ಥಂಡಿಯಲ್ಲಿ ಮೂಲೆ ಸೇರಿದ ಕೋವಿಗಳು ಹೊರಗೆ ಬರೋದು ಆಗಲೇ. ಟಕ್ ಸದ್ದು ಜಾಸ್ತಿ ಕೇಳೋದೂ ಆಗಲೇ.

ಮಾವನ ಹತ್ರ ಲೈಸೆನ್ಸಿನ .315 ರೈಫಲ್ ಇತ್ತು, ಬಂಗಾಳದ ಇಷಾಪುರದ್ದು. ಮೈಯೆಲ್ಲ ಲೀ-ಎನ್‌ಫೀಲ್ಡ್, ಅಂದ್ರೆ ಹಳೇ ಪೊಲೀಸರ .303 ಇದ್ದ ಹಾಗೇ. ತೋಟಾದ ಅಳತೆ ಮಾತ್ರ ಆಸ್ಟ್ರಿಯಾದ ಹಳೇ ಮಾನ್‌ಲಿಕರ್ ರೈಫಲ್‌ದು. .303 ಸೈನ್ಯದ ಅಳತೆ, ಅದು ಜನಸಾಮಾನ್ಯರಿಗೆ ಸಿಗಲ್ಲ, ಅದಕ್ಕೇ ಈ ಕಸರತ್ತು. ಒಂದು ವರ್ಷ ಹಬ್ಬದ ಬೆಳಿಗ್ಗೆ ಮೂರು ಸಲ ಟ್ರಿಗರ್ ಎಳೆದರೆ ಎರಡು ಸಲ ಟಕ್. ಮಧ್ಯಾಹ್ನ ಬಿಸಿಲು ಬಿದ್ದ ಮೇಲೆ ಅದೇ ಡಬ್ಬಿಯ ತೋಟಾ, ಅದೇ ಕೋವಿ, ಐದಕ್ಕೆ ಐದೂ ಢಂ. ಸುತ್ತ ನಿಂತವರೆಲ್ಲ 'ತೋಟಾ ಹಳೇದು, ಥಂಡಿ ಹಿಡಿದಿದೆ' ಅಂತ ತೀರ್ಪು ಕೊಟ್ರು. ಕೋವಿ ಹಾರದಿದ್ರೆ ಎಲ್ಲರೂ ಮೊದಲು ಬೈಯೋದು ತೋಟಾಗೇ. ಮಾವ ಒಪ್ಪಲಿಲ್ಲ. ಹಾರದ ಎರಡು ತೋಟಾ, ಹಾರಿದ ಐದು ಖಾಲಿ ಕೊಳವೆ ಮೇಜಿನ ಮೇಲೆ ಸಾಲಾಗಿಟ್ಟು ಭೂತಗನ್ನಡಿ ತಂದ್ರು.

ನೋಡಬೇಕಾದ್ದು ಕೇಪನ್ನ. ತೋಟಾದ ತಳದ ಮಧ್ಯದಲ್ಲಿ ಪುಟ್ಟ ಬಟ್ಟಲಿನಂಥ ಲೋಹದ ಬಿಲ್ಲೆ ಇರುತ್ತಲ್ಲ, ಇಂಗ್ಲಿಷಿನವರ ಪ್ರೈಮರ್, ನಮ್ಮ ಕಡೆಯವರ ಕೇಪು. ದೀಪಾವಳಿಯಲ್ಲಿ ಕೇಪನ್ನ ಕಲ್ಲಿನ ಮೇಲಿಟ್ಟು ಕಲ್ಲಿಂದ ಕುಟ್ಟಿದ್ದು ನೆನಪಿದೆಯಾ? ಮಣ್ಣಿನ ಮೇಲಿಟ್ಟು ಕುಟ್ಟಿದ್ರೆ ಹೊಟ್ಟೋದಿಲ್ಲ. ಕೆಳಗೆ ಗಟ್ಟಿ ಬೇಕು, ಏಟು ಜೋರಾಗಿ ಒಂದೇ ಕಡೆ ಬೀಳಬೇಕು. ರೈಫಲ್ ಒಳಗೂ ಇಷ್ಟೇ. ಬೋಲ್ಟ್ ಅಂದ್ರೆ ಕದದ ಅಗಳಿ ಥರದ್ದು, ಹಿಂದಿನ ಬಾಗಿಲು ಮುಚ್ಚುತ್ತೆ. ಅದರ ಹೊಟ್ಟೆಯೊಳಗೆ ಸ್ಪ್ರಿಂಗು, ಸ್ಪ್ರಿಂಗಿನ ನಡುವೆ ಫೈರಿಂಗ್ ಪಿನ್. ಅದು ಚಿಮ್ಮಿ ಬಂದು ಕೇಪನ್ನ ಒಳಗಿರೋ ಅಡಿಗಲ್ಲಿಗೆ ಜಜ್ಜುತ್ತೆ. ಪಿನ್ನಿನ ತುದಿ ಬೋಲ್ಟಿನ ಮುಖದಿಂದ ಹೊರಗೆ ಇಣುಕೋದು ಹೆಚ್ಚುಕಮ್ಮಿ ಒಂದು ಮಿಲಿಮೀಟರ್. ಅಷ್ಟರಲ್ಲೇ ಎಲ್ಲ ಆಗಬೇಕು!

ಕೇಪಿನ ಗುಳಿ ನೋಡಿದ್ರೆ ಕಾಯಿಲೆ ಅರ್ಧ ಗೊತ್ತಾಗುತ್ತೆ. ಗುಳಿ ಆಳವಾಗಿದ್ದೂ ಹಾರದಿದ್ರೆ ತೋಟಾ ಮೇಲೆ ಅನುಮಾನ ಪಡಬಹುದು. ಕೇಪು ಪೂರ್ತಿ ಒಳಗೆ ಕೂತಿಲ್ಲದಿದ್ರೆ ಮೊದಲ ಏಟಿನ ಬಲವೆಲ್ಲ ಅದನ್ನ ಕೂರಿಸೋಕೇ ಖರ್ಚಾಗುತ್ತೆ, ಮಣ್ಣಿನ ಮೇಲೆ ಕುಟ್ಟಿದ ಹಾಗೆ. ಕೇಪು ತೂತೇ ಬಿದ್ದಿದ್ರೆ ಪಿನ್ನು ತೀರಾ ಮುಂದೆ ಬರ್ತಿದೆ ಅಥವಾ ಚೂಪಾಗಿದೆ ಅಂತ ಅನುಮಾನ, ಬಿಸಿ ಅನಿಲ ಹಿಂದಕ್ಕೆ ನುಗ್ಗಿ ಪಿನ್ನನ್ನೇ ತಿನ್ನುತ್ತೆ. ಅಂಥ ಕೋವಿಯನ್ನ ಆಮೇಲೆ ಮುಟ್ಟಲೇಬಾರದು. ಇನ್ನು ಗುಳಿ ಮೇಲುಮೇಲಕ್ಕೆ ಇದ್ರೆ ಏಟೇ ಮೆದು: ಸ್ಪ್ರಿಂಗು ಸೋತಿದೆ, ಪಿನ್ನು ಸವೆದಿದೆ, ಇಲ್ಲಾ ಬೋಲ್ಟಿನೊಳಗೆ ಏನೋ ಅಡ್ಡ ಇದೆ.

ಮಾವನ ಎರಡು ತೋಟಾಗಳ ಗುಳಿ ಉಗುರಲ್ಲಿ ಒತ್ತಿದಷ್ಟೇ ಇತ್ತು. ಮಧ್ಯಾಹ್ನದ್ದು ನೋಡಿದ್ರೆ ಎಲ್ಲಾ ಆಳ. ಅಂದ್ರೆ ಬೆಳಿಗ್ಗೆ ಏನೋ ಪಿನ್ನನ್ನ ಹಿಡೀತಿತ್ತು, ಬಿಸಿಲಿಗೆ ಬಿಟ್ಟಿತ್ತು. ಅತ್ತೆ ಥಟ್ ಅಂತ ಕೇಳಿದ್ರು, 'ಯಾವ ಎಣ್ಣೆ ಹಾಕಿದ್ರಿ?'

ಕೊಬ್ಬರಿ ಎಣ್ಣೆ! ಮಳೆಗಾಲದಲ್ಲಿ ಕೋವಿ ಎಣ್ಣೆ ಮುಗಿದಾಗ ಮನೆಯಲ್ಲಿ ಯಾರೋ ಬೋಲ್ಟಿಗೆ ಧಾರಾಳವಾಗಿ ಸುರಿದಿದ್ರು. ಅದು ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತೆ. ಚಳಿಯಲ್ಲಿ ತಲೆಗೆ ಹಚ್ಚೋ ಬಾಟ್ಲಿನ ಬಿಸಿಲಿಗಿಡ್ತೀವಲ್ಲ, ಅದೇ ವಿದ್ಯೆ. ನಮ್ಮೂರಿನ ಸೆಪ್ಟೆಂಬರ್ ಬೆಳಗಿಗೆ 24 ಎಲ್ಲಿಂದ ಬರಬೇಕು? ಪಿನ್ನು ಬೆಣ್ಣೆಯಲ್ಲಿ ಓಡೋಕೆ ಹೊರಟಿತ್ತು :) ಕೋವಿ ಎಣ್ಣೆಯನ್ನೇ ಜಾಸ್ತಿ ಹಾಕಿದ್ರೂ ವರ್ಷಗಳಲ್ಲಿ ಅಂಟಾಗಿ, ಧೂಳು ಸೇರಿ ಇದೇ ಗತಿ. ಬೋಲ್ಟಿನೊಳಗೆ ತೆಳುವಾಗಿ ಪಸೆ ಇದ್ರೆ ಸಾಕು.

ಎಣ್ಣೆಯಿಂದ ಆಗದ ಕೆಲಸವೂ ಒಂದಿದೆ. ಹಳೇ ಕಾಲದ ತೋಟಾಗಳ ಕೇಪಿನಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಇರ್ತಿತ್ತು. ಉರಿದ ಮೇಲೆ ಅದು ಉಪ್ಪಿನಂಥ ಪದಾರ್ಥವಾಗಿ ನಳಿಗೆ, ಬೋಲ್ಟಿನ ಮುಖ, ಪಿನ್ನಿನ ತುದಿಯಲ್ಲಿ ಕೂತು ತೇವ ಎಳೆಯುತ್ತೆ. ಮಳೆಗಾಲದ ಉಪ್ಪಿನ ಡಬ್ಬಿ ನೋಡಿದವರಿಗೆ ಹೇಳಬೇಕಾಗಿಲ್ಲ. ಉಪ್ಪು ಎಣ್ಣೆಯಲ್ಲಿ ಕರಗಲ್ಲ, ನೀರಲ್ಲಿ ಕರಗುತ್ತೆ. ಬ್ರಿಟಿಷ್ ಸಿಪಾಯಿಗಳು ಗುಂಡು ಹಾರಿಸಿದ ಮೇಲೆ ನಳಿಗೆಗೆ ಕುದಿಯೋ ನೀರು ಹೊಯ್ದು, ಒಣಗಿಸಿ, ಆಮೇಲೆ ಎಣ್ಣೆ ಹಚ್ತಿದ್ದದ್ದು ಇದಕ್ಕೇ.

ಇದೆಲ್ಲಕ್ಕಿಂತ ಆ ಬೆಳಿಗ್ಗೆ ನಡೆದ ಇನ್ನೊಂದು ವಿಷಯ ನನ್ನ ತಲೆಯಲ್ಲಿ ಕೂತಿದೆ. ಎರಡನೇ ಸಲ ಟಕ್ ಅಂದಾಗ ಕೋವಿ ಹಿಡಿದಿದ್ದ ಹುಡುಗ 'ಏನಾಯ್ತು ಮಾವ?' ಅಂತ ತಿರುಗಿದ. ಅವನ ಜೊತೆ ನಳಿಗೆಯೂ ತಿರುಗ್ತಾ ಬಂತು. ಹಿಂದೆ ಮಕ್ಕಳು, ಹೆಂಗಸರು, ಅರ್ಧ ಊರು. ಮಾವ ಒಂದೇ ಹೆಜ್ಜೆಯಲ್ಲಿ ಹೋಗಿ ನಳಿಗೆಯನ್ನ ಮುಂದಕ್ಕೇ ಒತ್ತಿ ಹಿಡಿದ್ರು, ಬೋಲ್ಟಿಗೆ ಹೋದ ಅವನ ಕೈಗೆ ಒಂದು ಬಾರಿಸಿದ್ರು, ಎಣಿಸೋಕೆ ಶುರು ಮಾಡಿದ್ರು. ಕೇಪು ಕೆಲವೊಮ್ಮೆ ತಡವಾಗಿ ಹೊತ್ತಿಕೊಳ್ಳುತ್ತೆ, ಠುಸ್ ಆಯ್ತು ಅಂದುಕೊಂಡ ಪಟಾಕಿ ಹತ್ತಿರ ಹೋದಾಗ ಸಿಡಿಯೋ ಥರ. ಆಗ ಬೋಲ್ಟ್ ತೆರೆದಿದ್ರೆ ತೋಟಾ ಮುಖಕ್ಕೇ ಸಿಡಿಯುತ್ತೆ. ನಳಿಗೆ ಗುರಿಯ ಕಡೆಗೇ ಇಟ್ಟು ಕನಿಷ್ಠ ಮೂವತ್ತು ಸೆಕೆಂಡು ಕಾಯಬೇಕು. ಮಾವ ಅರವತ್ತು ಎಣಿಸಿದ್ರು. ಅಷ್ಟು ಜನ ಸೇರಿದ್ದ ಮೈದಾನದಲ್ಲಿ ಅವರ ಎಣಿಕೆ ಬಿಟ್ರೆ ಬೇರೆ ಸದ್ದಿಲ್ಲ.

ಬೋಲ್ಟ್ ಬಿಚ್ಚೋ ಸಾಹಸ ಮನೆಯಲ್ಲಿ ಮಾಡಲಿಲ್ಲ. ಲೀ-ಎನ್‌ಫೀಲ್ಡಿನ ಪಿನ್ ತೆಗೆಯೋಕೆ ಬೇರೆಯೇ ಹತ್ಯಾರ ಬೇಕು, ಮೇಲಾಗಿ 1959ರ ಶಸ್ತ್ರಾಸ್ತ್ರ ಕಾಯ್ದೆ ಪ್ರಕಾರ ರಿಪೇರಿ ಕಸುಬಿಗೂ ಲೈಸೆನ್ಸ್ ಇರಬೇಕು. ಲೈಸೆನ್ಸ್ ಇದ್ದ ಕೋವಿ ರಿಪೇರಿಯವರು ಬೋಲ್ಟ್ ಬಿಚ್ಚಿ, ಸ್ಪ್ರಿಂಗಿಗೆ ಮೆತ್ತಿದ್ದ ಬಿಳೀ ಜಿಡ್ಡು ತೊಳೆದು, ಮಾವ ಕಾಗದದಲ್ಲಿ ಸುತ್ತಿ ತಂದಿದ್ದ ಆ ಎರಡು ತೋಟಾ ಹಾಕಿ ನೋಡಿದ್ರು. ಒಂದು ಹಾರಿತು. ಇನ್ನೊಂದು ಹಾರಲೇ ಇಲ್ಲ, ಗುಳಿ ಆಳವಾಗಿ ಬಿದ್ದರೂ. ಮೊದಲ ಮೆದು ಏಟಿಗೆ ಕೇಪಿನೊಳಗಿನ ಮದ್ದು ಬಿರಿದು ಉದುರಿರಬೇಕು ಅಂದ್ರು ಅವರು. ಮಾವ ಅದನ್ನ ಅವರ ಹತ್ರಾನೇ ಬಿಟ್ಟು, ಕೋವಿ ಎಣ್ಣೆಯ ಒಂದು ಸಣ್ಣ ಡಬ್ಬಿ ತಗೊಂಡು ಬಂದ್ರು.