ಕ್ಲಿಪ್ ಹಾಕುವ ಮುನ್ನ

ಜುಲೈ 7, ರಾತ್ರಿ
ಸರ್ಜರಿಯ ಹೊಸ ಪಿಜಿ ಹುಡುಗಿ ಸಂಜೆಯಿಡೀ ಲ್ಯಾಪರೊಸ್ಕೋಪಿ ಅಭ್ಯಾಸದ ಬಾಕ್ಸ್ ಟ್ರೈನರ್ ಮುಂದೆ. ಕೈ ಎಡಕ್ಕೆ ಹೋದರೆ ತೆರೆಯ ಮೇಲೆ ಉಪಕರಣದ ತುದಿ ಬಲಕ್ಕೆ. ರಬ್ಬರ್ ತುಂಡು ಗೂಟದಿಂದ ಗೂಟಕ್ಕೆ ಹೋಗುವಷ್ಟರಲ್ಲಿ ಜಾರಿ ಬೀಳುತ್ತಿತ್ತು. ಬೇಸರಿಸದೆ ಎತ್ತಿಕೊಂಡಳು. ಖುಷಿಯಾಯಿತು.

ಜುಲೈ 9
ಬೇರೆ ಊರಿಂದ ರೆಫರ್ ಆಗಿ ಬಂದ ಹೆಂಗಸು. ಪಿತ್ತಕೋಶ ತೆಗೆದು ನಾಲ್ಕು ದಿನ. ಕಣ್ಣೆಲ್ಲ ಹಳದಿ. ಪಿತ್ತಕೋಶದ ನಾಳ, ಸಿಸ್ಟಿಕ್ ಡಕ್ಟ್ ಅಂದುಕೊಂಡು ಮುಖ್ಯ ಪಿತ್ತನಾಳಕ್ಕೇ ಕ್ಲಿಪ್ ಹಾಕಿದ್ದಾರೆ. ಗಂಡ ಕೇಳಿದ: "ಸಣ್ಣ ಆಪರೇಷನ್ ಅಂದಿದ್ರಲ್ಲ ಸಾರ್?"
ತೂತು ಸಣ್ಣದಿದ್ದರೆ ಆಪರೇಷನ್ನೂ ಸಣ್ಣದು ಅಂತ ಜನರನ್ನು ನಂಬಿಸಿದವರು ನಾವೇ, ಡಾಕ್ಟರುಗಳು.

ಜುಲೈ 10, ಬೆಳಗಿನ ಜಾವ
ನಿದ್ದೆ ಹತ್ತಲಿಲ್ಲ. ಡಾ. ಉದ್ವಾಡಿಯಾ ಮುಂಬೈಯಲ್ಲಿ ಸಣ್ಣ ತೂತಿನಿಂದ ಪಿತ್ತಕೋಶ ತೆಗೆಯುವುದನ್ನು ಶುರು ಮಾಡಿದ್ದು 1990ರಲ್ಲಿ. ಸರ್ಜನ್ ಸ್ಟ್ರಾಸ್‌ಬರ್ಗ್ 1995ರಲ್ಲೇ ಬರೆದಿಟ್ಟಿದ್ದಾರೆ: ಪಿತ್ತಕೋಶದ ಬುಡದ ತ್ರಿಕೋನದ ಕೊಬ್ಬು, ನಾರು ಬಿಡಿಸಿ. ಪಿತ್ತಕೋಶದ ಕೆಳಭಾಗವನ್ನು ಯಕೃತ್ತಿನಿಂದ ಬೇರ್ಪಡಿಸಿ. ಪಿತ್ತಕೋಶದೊಳಗೆ ಹೋಗುವುದು ಎರಡೇ, ಒಂದು ಪಿತ್ತದ ನಾಳ, ಒಂದು ರಕ್ತನಾಳ, ಎಂದು ಕಣ್ಣಾರೆ ಕಾಣಲಿ. ಅಲ್ಲಿಯವರೆಗೆ ಕ್ಲಿಪ್ ಇಲ್ಲ, ಕತ್ತರಿ ಇಲ್ಲ. ಇಷ್ಟು ತಿಳಿದೂ ಆ ಹೆಂಗಸು ನನ್ನ ವಾರ್ಡಿನಲ್ಲಿ ಮಲಗಿದ್ದಾಳೆ. ಸಿಟ್ಟು ಇಳಿಯುತ್ತಿಲ್ಲ.

ಜುಲೈ 14
ವಾರಾಂತ್ಯದ ಕೋರ್ಸ್ ಮುಗಿಸಿ ಬಂದ ಕಿರಿಯ ಡಾಕ್ಟರ್ ಸರ್ಟಿಫಿಕೇಟ್ ತೋರಿಸಿದ. ಇನ್ನು ಒಬ್ಬನೇ ಮಾಡಲೇ ಅಂದ. ಬೇಡ ಅಂದೆ. ಮುಖ ಚಿಕ್ಕದಾಯಿತು.
ಅಮೆರಿಕದಲ್ಲಿ ಎಫ್‌ಎಲ್‌ಎಸ್ ಎಂಬ ಲ್ಯಾಪರೊಸ್ಕೋಪಿ ಪರೀಕ್ಷೆ ಪಾಸಾಗದೆ ಜನರಲ್ ಸರ್ಜರಿಯ ಬೋರ್ಡ್ ಪರೀಕ್ಷೆಗೇ ಕೂರಿಸುವುದಿಲ್ಲ. ಗಂಟು ಹಾಕುವುದನ್ನೂ ಗಡಿಯಾರ ಹಿಡಿದು ನೋಡುತ್ತಾರೆ. ಇಲ್ಲಿ ಲಾಗ್‌ಬುಕ್, ಅದರಲ್ಲಿ ನನ್ನ ಸಹಿ. ಎಷ್ಟು ಕೇಸ್ ಅಂತ ನೋಡಿ ಹಾಕಲೋ, ಕೈ ನೋಡಿ ಹಾಕಲೋ?

ಜುಲೈ 18, ಓಟಿ ಮುಗಿದ ಮೇಲೆ
ಹುಕ್ ಪಿಜಿ ಹುಡುಗಿಯ ಕೈಲಿ, ಕ್ಯಾಮೆರಾ ನನ್ನ ಕೈಲಿ. ಉರಿಯೂತದಿಂದ ಎಲ್ಲ ಅಂಟಿಕೊಂಡಿತ್ತು. "ಎರಡೇ ಅಂತ ಖಾತ್ರಿ ಆಗ್ತಿಲ್ಲ ಸಾರ್," ಎಂದು ಕೈ ತೆಗೆದಳು. ನೋಡಿದೆ. ನನಗೂ ಖಾತ್ರಿಯಾಗಲಿಲ್ಲ. ಓಪನ್ ಮಾಡಿದೆವು. ಆಮೇಲೆ, ತಾನು ಸೋತೆನಾ ಎಂದು ಕೇಳಿದಳು. ಇಲ್ಲ ಎಂದೆ. ನಂಬಿದಳೋ ಇಲ್ಲವೋ.

ಜುಲೈ 21
ಸ್ಪೆಷಲ್ ರೂಮಿನವರು "ನೀವೇ ಮಾಡ್ತೀರಲ್ಲ?" ಎಂದು ಕೇಳಿ ಖಚಿತ ಮಾಡಿಕೊಳ್ಳುತ್ತಾರೆ. ಜನರಲ್ ವಾರ್ಡಿನವರು ಕೇಳುವುದಿಲ್ಲ. ನಮ್ಮ ಕಲಿಕೆಯೆಲ್ಲ ಕೇಳದವರ ಮೇಲೆಯೇ. ಬಾಕ್ಸ್‌ನಲ್ಲಿ ಎಷ್ಟೇ ಕೈ ಪಳಗಲಿ, ಮೊದಲ ರೋಗಿ ಅಂತ ಒಬ್ಬರು ಇದ್ದೇ ಇರುತ್ತಾರೆ.
ಇನ್ನು ಮುಂದೆ ಯಾರು ಮಾಡುತ್ತಾರೆ, ಪಕ್ಕದಲ್ಲಿ ಯಾರಿರುತ್ತಾರೆ ಎಂದು ತಿಳಿಸಿಯೇ ಒಪ್ಪಿಗೆ ಪಡೆಯಬೇಕು. ಎಲ್ಲರೂ ಬೇಡ ಅಂದುಬಿಟ್ಟರೆ ಈ ಹುಡುಗಿ ಕಲಿಯುವುದೆಲ್ಲಿ?